ಮೈಕಟ್ಟು ಮೊದಲು, ಬಣ್ಣ ಆಮೇಲೆ

ನೇತ್ರಾಣಿಯಿಂದ ಮುರುಡೇಶ್ವರಕ್ಕೆ ಮರಳುವ ದೋಣಿಯಲ್ಲಿ, ಮೊದಲ ಸಲ ನೀರಿಗಿಳಿದು ಬಂದವರ ಮಾತು ಹೆಚ್ಚುಕಡಿಮೆ ಒಂದೇ ತೆರನಾಗಿರುತ್ತದೆ. ‘ಎಷ್ಟೊಂದು ಬಣ್ಣದ ಮೀನು ಮಾರಾಯ್ರೆ!’ ಯಾವ್ಯಾವ ಮೀನು ಕಂಡಿರಿ ಎಂದು ಕೇಳಿದರೆ, ‘ಹಳದಿದು ಒಂದು, ಕಪ್ಪು ಪಟ್ಟೆಯದು ಒಂದು, ನೀಲಿದು ಒಂದು ರಾಶಿ’ ಎನ್ನುತ್ತಾರೆ. ಆ ಖುಷಿ ನಿಜವಾದದ್ದೇ. ಆದರೆ ಮುಂದಿನ ಡೈವ್‌ಗಳಿಗೂ ಅದೇ ಉತ್ತರವಾದರೆ ಹವಳದ ದಿಬ್ಬಗಳೆಲ್ಲ ಒಂದೇ ಥರ ಕಾಣತೊಡಗುತ್ತವೆ. ಆಮೇಲೆ ಶಾರ್ಕ್ ಬೇಕು, ಮಾಂಟಾ ಬೇಕು ಎಂಬ ಹುಡುಕಾಟ ಶುರುವಾಗುತ್ತದೆ. ಮೀನುಗಳ ಗುರುತು ಹಿಡಿಯಲು ಕಲಿತವರಿಗೆ ಈ ಬೇಸರ ಬರುವುದಿಲ್ಲ. ಒಂದೇ ಬಂಡೆಯ ಸುತ್ತ ನಲವತ್ತು ನಿಮಿಷ ಕಳೆಯುವಷ್ಟು ಕೆಲಸ ಅವರಿಗೆ ಸಿಗುತ್ತದೆ.

ನಾನು ಸಾಗರಜೀವಶಾಸ್ತ್ರ ಓದಿದವನಲ್ಲ, ರಜೆ ಸಿಕ್ಕಾಗ ಡೈವ್ ಮಾಡುವವನು. ನೀರಿನಡಿ ಕಲಿತದ್ದೆಲ್ಲ ನೇತ್ರಾಣಿಯಲ್ಲಿ ಮತ್ತು ಅಂಡಮಾನಿನ ಸ್ವರಾಜ್ ದ್ವೀಪದ ಸುತ್ತಮುತ್ತ. ಹ್ಯಾವ್‌ಲಾಕ್ ಎಂದರೆ ಹೆಚ್ಚು ಜನರಿಗೆ ಗೊತ್ತಾಗುತ್ತದೆ. ಹೊಸದಾಗಿ ಈ ಹುಚ್ಚು ಹಿಡಿದವರು ಕೇಳಿದಾಗೆಲ್ಲ ಹೇಳುತ್ತ ಬಂದ ಮಾತುಗಳು ಇವು.

1. ತೇಲಿ ನಿಲ್ಲುವುದು ಬಾರದೆ ಮೀನು ನೋಡಲಾಗದು

ಒಂದೇ ಆಳದಲ್ಲಿ, ಕೈ ಬೀಸದೆ, ಫಿನ್ ಬಡಿಯದೆ ನಿಲ್ಲಲು ಬರಬೇಕು. ತೇಲುವಿಕೆ ಹೊಂದಿಸುವ ಜಾಕೆಟ್ಟಾದ ಬಿಸಿಡಿಯ ಗುಂಡಿ ಒತ್ತುತ್ತ, ಏರುತ್ತ ಇಳಿಯುತ್ತ ಇರುವವರ ಗಮನವೆಲ್ಲ ತಮ್ಮ ದೇಹದ ಮೇಲೇ ಇರುತ್ತದೆ. ಅವರ ಫಿನ್ ತಾಗಿ ಹವಳ ಮುರಿಯುವುದೂ ಉಂಟು. ಉಸಿರು ನಿಧಾನವಾದಂತೆ ಗುಳ್ಳೆಗಳ ಸದ್ದು ಕಡಿಮೆಯಾಗುತ್ತದೆ, ಸಂದಿಗೆ ನುಗ್ಗಿದ ಮೀನು ಮತ್ತೆ ಹೊರಬರುತ್ತದೆ. ಅಟ್ಟಿಸಿಕೊಂಡು ಹೋದರೆ ಕಾಣುವುದು ಬಾಲ ಮಾತ್ರ. ಕಾದರೆ ಪಕ್ಕದ ನೋಟ ಸಿಗುತ್ತದೆ, ಗುರುತಿಗೆ ಬೇಕಾದದ್ದು ಅದೇ.

2. ಬಣ್ಣವನ್ನು ಕೊನೆಗೆ ನೋಡಿ

ಕಣ್ಣಿಗೆ ಮೊದಲು ಬೀಳುವುದು ಬಣ್ಣ. ನೀರಿನಡಿ ಎಲ್ಲಕ್ಕಿಂತ ಹೆಚ್ಚು ದಾರಿ ತಪ್ಪಿಸುವುದೂ ಅದೇ. ಬೆಳಕು ಕೆಳಗಿಳಿದಂತೆ ನೀರು ಅದರ ಬಣ್ಣಗಳನ್ನು ಒಂದೊಂದಾಗಿ ಹೀರಿಕೊಳ್ಳುತ್ತದೆ. ಮೊದಲು ಹೋಗುವುದು ಕೆಂಪು. ಐದಾರು ಮೀಟರ್ ಇಳಿಯುವಷ್ಟರಲ್ಲಿ ಅದು ಮಂಕಾಗುತ್ತದೆ, 10 ಮೀಟರ್ ದಾಟಿದ ಮೇಲೆ ಬಹುತೇಕ ಉಳಿಯುವುದೇ ಇಲ್ಲ. ಆಮೇಲೆ ಕಿತ್ತಳೆ, ಅದರ ಹಿಂದೆ ಹಳದಿ. ಬಂಡೆಯ ಚಾಚಿನಡಿ ಗುಂಪಾಗಿ ನಿಂತಿರುವ, ದೊಡ್ಡ ಕಣ್ಣಿನ ಸೋಲ್ಜರ್‌ಫಿಶ್‌ಗಳನ್ನು ನೋಡಿ. ಪುಸ್ತಕದ ಚಿತ್ರದಲ್ಲಿ ಅವು ಕಡುಗೆಂಪು, ಟಾರ್ಚಿಲ್ಲದೆ ಕಂಡರೆ ಬೂದು ಕಂದು. ಸಣ್ಣದೊಂದು ಟಾರ್ಚ್ ಹಗಲಿನ ಡೈವ್‌ಗೂ ಬೇಕು ಎನ್ನುವುದು ಇದಕ್ಕೇ. ಇದರ ಜೊತೆಗೆ ಮೀನು ಬೆದರಿದಾಗ, ಕಾದಾಡುವಾಗ, ಮೊಟ್ಟೆ ಕಾಯುವಾಗ, ಮಲಗಿದಾಗ ತನ್ನ ಬಣ್ಣವನ್ನೂ ಬದಲಿಸಿಕೊಳ್ಳುತ್ತದೆ. ಮೈಕಟ್ಟು ಮಾತ್ರ ಹಾಗೆಲ್ಲ ಬದಲಾಗುವುದಿಲ್ಲ.

ಪಾಲ್ ಹ್ಯೂಮನ್ ಮತ್ತು ನೆಡ್ ಡಿಲೋಚ್ ಅವರ ಮೀನು ಗುರುತಿನ ಪುಸ್ತಕಗಳು ಜಗತ್ತಿನ ಡೈವರ್‌ಗಳ ಕೈಗೆ ಹತ್ತಿದ್ದು ಈ ಕಾರಣಕ್ಕೇ. ವಿಜ್ಞಾನಿಗಳ ವರ್ಗೀಕರಣದ ಕ್ರಮವನ್ನು ಪಕ್ಕಕ್ಕಿಟ್ಟು, ನೀರಿನಡಿ ಒಂದೇ ಬಗೆಯಾಗಿ ಕಾಣುವ ಮೀನುಗಳನ್ನು ಅವರು ಒಟ್ಟಿಗೆ ಜೋಡಿಸಿದರು. ಎರಡೂ ಪಕ್ಕದಿಂದ ಅಮುಕಿದಂತಿರುವ ದುಂಡು ಮೈಯವು ಒಂದು ಕಡೆ. ದಪ್ಪ ಮೈ, ದಪ್ಪ ತುಟಿಯವು ಇನ್ನೊಂದು ಕಡೆ. ಕೆಂಪು ಮೈ ದೊಡ್ಡ ಕಣ್ಣಿನವು, ತಳಕ್ಕಂಟಿಕೊಂಡಿರುವ ಉದ್ದ ಮೈಯ ಸಣ್ಣವು, ಯಾವ ಆಕಾರಕ್ಕೂ ಸೇರದವು ಹೀಗೆ. ಪುಸ್ತಕ ತೆರೆದವನು ಮೊದಲು ಮನೆತನ ಹುಡುಕುತ್ತಾನೆ, ಆಮೇಲೆ ಮೀನು.

ಈ ಅಭ್ಯಾಸವನ್ನು ಹತ್ತು ಹನ್ನೆರಡು ಮನೆತನಗಳಿಗೆ ಮಾಡಿಕೊಂಡರೆ ನಮ್ಮ ಕಡಲಿನ ಡೈವ್‌ನಲ್ಲಿ ಕಾಣುವ ಮೀನುಗಳ ದೊಡ್ಡ ಪಾಲು ಕೈಗೆ ಸಿಕ್ಕಂತೆ. ಬಟರ್‌ಫ್ಲೈ ಫಿಶ್, ಏಂಜೆಲ್‌ಫಿಶ್, ಡ್ಯಾಮ್ಸೆಲ್, ರ‍್ಯಾಸ್, ಪ್ಯಾರಟ್‌ಫಿಶ್, ಸರ್ಜನ್‌ಫಿಶ್, ಟ್ರಿಗರ್, ಸ್ನ್ಯಾಪರ್, ಫ್ಯೂಸಿಲಿಯರ್, ಗ್ರೂಪರ್, ಗೋಟ್‌ಫಿಶ್, ಕಾರ್ಡಿನಲ್. ಇವುಗಳಲ್ಲಿ ಗ್ರೂಪರ್ ಕರಾವಳಿಯವರಿಗೆ ಹೊಸದಲ್ಲ, ಮೀನು ಮಾರ್ಕೆಟ್ಟಿನ ಮುರು ಮೀನು ಅದೇ ಮನೆತನದ್ದು.

3. ಈಜುವ ಬಗೆಯೇ ಅರ್ಧ ಗುರುತು

ತೇರಿನ ಗದ್ದಲದಲ್ಲಿ ಮನೆಯವರನ್ನು ಮುಖ ಕಾಣುವ ಮೊದಲೇ ನಡಿಗೆಯಲ್ಲಿ ಗುರುತಿಸುತ್ತೇವಲ್ಲ, ನೀರಿನಡಿಯೂ ಅದು ಸಾಧ್ಯ. ನೇತ್ರಾಣಿಯ ಸುತ್ತ ನೀರು ಕಲಕಿದ ದಿನಗಳಲ್ಲಿ ಐದಾರು ಮೀಟರ್ ಆಚೆ ಕಾಣುವುದು ನೆರಳು ಮಾತ್ರ. ಆಗ ಕೆಲಸಕ್ಕೆ ಬರುವುದು ಇದೊಂದೇ ವಿದ್ಯೆ.

ಬಾಲ ಅಲ್ಲಾಡಿಸದೆ, ಎದೆಯ ಪಕ್ಕದ ಎರಡು ಈಜುರೆಕ್ಕೆಗಳನ್ನು ಬೀಸಿಕೊಂಡು ಮೇಲೆ ಕೆಳಗೆ ತೂಗುತ್ತ ಸಾಗಿದರೆ ಅದು ರ‍್ಯಾಸ್ ಇಲ್ಲವೇ ಪ್ಯಾರಟ್‌ಫಿಶ್. ಪ್ಯಾರಟ್‌ಫಿಶ್‌ನ ಹಲ್ಲುಗಳು ಬೆಸೆದು ಕೊಕ್ಕಾಗಿವೆ. ಅದು ಬಂಡೆ ಕೆರೆಯುವ ಕರಕರ ಸದ್ದು ಹತ್ತಿರವಿದ್ದರೆ ಕಿವಿಗೇ ಕೇಳುತ್ತದೆ. ಸರ್ಜನ್‌ಫಿಶ್ ಕೂಡ ಹಾಗೆಯೇ ರೆಕ್ಕೆ ಬೀಸುತ್ತದೆ, ಆದರೆ ಮೈ ತೆಳು, ಎತ್ತರ. ಬಾಲದ ಬುಡದಲ್ಲಿ ಚೂರಿಯಂಥ ಮುಳ್ಳಿರುತ್ತದೆ. ಬೆನ್ನಿನದೂ ಹೊಟ್ಟೆಯಡಿಯದೂ ಎರಡು ರೆಕ್ಕೆಗಳನ್ನು ಒಟ್ಟಿಗೆ ಅಲೆಯಾಡಿಸುತ್ತ ಹೋದರೆ ಟ್ರಿಗರ್. ನೀರಿನ ನಡುವೆ ನೂರಾರು ಸೇರಿ ಪ್ಲವಕ ತಿನ್ನುವ, ಕಪ್ಪುನೀಲಿ ಮೈಯ, ಬಾಲದ ಎರಡು ತುದಿ ಉದ್ದಕ್ಕೆ ಚಾಚಿದ ರೆಡ್‌ಟೂತ್ ಟ್ರಿಗರ್ ಅನ್ನು ಒಮ್ಮೆ ನೋಡಿದರೆ ಸಾಕು. ನಾವು ಹತ್ತಿರ ಹೋದ ಕೂಡಲೇ ಅವೆಲ್ಲ ಸಂದಿಗಳಿಗೆ ನುಗ್ಗಿ ಬಾಲ ಮಾತ್ರ ಹೊರಗೆ ಬಿಡುತ್ತವೆ. ಎರಡು ಮೀಸೆ ಎಳೆಗಳಿಂದ ಮರಳು ಕೆದಕುತ್ತ ಹೋಗುವುದು ಗೋಟ್‌ಫಿಶ್. ತಳದಲ್ಲಿ ಎದೆಯೂರಿ ಕೂತು, ನಮ್ಮನ್ನು ನೋಡುತ್ತ, ಸ್ವಲ್ಪವೇ ಹಿಂದೆ ಸರಿಯುವುದು ಗ್ರೂಪರ್. ಜೋಡಿಯಾಗಿ, ಹವಳದಿಂದ ಹವಳಕ್ಕೆ ಚುಚ್ಚಿ ಚುಚ್ಚಿ ತಿನ್ನುತ್ತ ಸುತ್ತುವುದು ಬಟರ್‌ಫ್ಲೈ ಫಿಶ್.

ಇಷ್ಟು ಹಿಡಿದ ಮೇಲೆ ಬಣ್ಣ ನೋಡಿ. ಆಗ ಅದು ಸಹಾಯಕ್ಕೆ ಬರುತ್ತದೆ.

4. ಎಲ್ಲಿ ನೋಡಬೇಕೆಂದು ನೀರಿಗಿಳಿಯುವ ಮೊದಲೇ ತಿಳಿದಿರಲಿ

ಮನೆತನ ಗೊತ್ತಾದ ಮೇಲೆ ಜಾತಿಯನ್ನು ಬೇರ್ಪಡಿಸುವುದು ಸಾಮಾನ್ಯವಾಗಿ ಒಂದೋ ಎರಡೋ ಸಣ್ಣ ಗುರುತು. ಅದು ಮೈಯ ಯಾವ ಭಾಗದಲ್ಲಿದೆ ಎಂದು ಗೊತ್ತಿಲ್ಲದವರು ಮೀನನ್ನೆಲ್ಲ ನೋಡಿಯೂ ಬೇಕಾದದ್ದನ್ನು ಬಿಟ್ಟು ಬರುತ್ತಾರೆ.

ಬಿಳಿ ಮೈ, ಕಪ್ಪು ಪಟ್ಟೆ, ಬೆನ್ನಿನಿಂದ ಉದ್ದಕ್ಕೆ ಇಳಿದ ಬಿಳಿ ಎಳೆ. ಇದು ಬ್ಯಾನರ್‌ಫಿಶ್ಶೋ ಮೂರಿಷ್ ಐಡಲ್ಲೋ? ಬಾಲ ನೋಡಿ. ಹಳದಿಯಾಗಿದ್ದರೆ ಬ್ಯಾನರ್‌ಫಿಶ್, ಕಪ್ಪಗಿದ್ದರೆ ಮೂರಿಷ್ ಐಡಲ್.

ಬಟರ್‌ಫ್ಲೈಯೋ ಏಂಜೆಲ್ಲೋ ಎಂಬ ಗೊಂದಲಕ್ಕೆ ಕೆನ್ನೆ ನೋಡಿ. ಕಿವಿರು ಮುಚ್ಚಳದ ಕೆಳಮೂಲೆಯಲ್ಲಿ ಹಿಂದಕ್ಕೆ ಚಾಚಿದ ಗಟ್ಟಿ ಮುಳ್ಳಿದ್ದರೆ ಅದು ಏಂಜೆಲ್‌ಫಿಶ್. ಬಟರ್‌ಫ್ಲೈಗೆ ಆ ಮುಳ್ಳಿಲ್ಲ.

ಸಾರ್ಜೆಂಟ್ ಮೀನುಗಳಲ್ಲಿ ಇಂಡೋ-ಪೆಸಿಫಿಕ್ ಸಾರ್ಜೆಂಟ್‌ಗೆ ಐದು ಕಪ್ಪು ಪಟ್ಟೆ, ಬೆನ್ನ ಮೇಲೆ ಹಳದಿ. ಬಾಲದ ಎರಡೂ ಕವಲುಗಳಲ್ಲಿ ಕಪ್ಪು ಗೆರೆ ಹಾದು ಕತ್ತರಿಯಾಕಾರ ಕಂಡರೆ ಅದು ಸಿಸರ್‌ಟೇಲ್. ಹಳದಿ ಮೈ, ನೀಲಿ ಗೆರೆಯ ಸ್ನ್ಯಾಪರ್‌ಗಳ ದಂಡು ಕಂಡಾಗ ಗೆರೆ ಎಣಿಸಿ. ಐದಿದ್ದರೆ ಫೈವ್‌ಲೈನ್. ನಾಲ್ಕಿದ್ದರೆ ಬ್ಲೂಸ್ಟ್ರೈಪ್ ಅಥವಾ ಬೆಂಗಾಲ್ ಸ್ನ್ಯಾಪರ್. ಆಗ ಹೊಟ್ಟೆ ನೋಡಿ, ಬಿಳಿಯ ಮೇಲೆ ಮಸುಕು ಬೂದು ಎಳೆಗಳಿದ್ದರೆ ಬ್ಲೂಸ್ಟ್ರೈಪ್, ಅಚ್ಚ ಬಿಳಿಯಾಗಿದ್ದರೆ ಬೆಂಗಾಲ್. ದಂಡಿನಲ್ಲಿ ಎರಡೂ ಬೆರೆತಿರಬಹುದು, ಹಾಗಾಗಿ ಒಂದನ್ನು ನೋಡಿ ಎಲ್ಲದಕ್ಕೂ ಅದೇ ಹೆಸರು ಬರೆಯುವಂತಿಲ್ಲ. ಎಣಿಸುವುದು ನೀರಿನಡಿಯ ಕೆಲಸ, ನೆನಪಿನಿಂದ ದೋಣಿಯಲ್ಲಿ ಎಣಿಸಲಾಗದು.

5. ಒಂದು ಡೈವ್, ಒಂದು ಮನೆತನ

ಇವತ್ತು ಬಟರ್‌ಫ್ಲೈಗಳನ್ನು ಮಾತ್ರ ನೋಡುತ್ತೇನೆ ಎಂದು ಇಳಿಯಿರಿ. ಉಳಿದದ್ದು ಕಣ್ಣಿಗೆ ಬಿದ್ದರೆ ಬೀಳಲಿ. ಶುರು ಮಾಡಲು ಇದಕ್ಕಿಂತ ಒಳ್ಳೆಯ ಮನೆತನವಿಲ್ಲ. ಜಾಗ ಬಿಟ್ಟು ದೂರ ಹೋಗುವುದಿಲ್ಲ, ಮೈಮೇಲಿನ ಗುರುತು ಸ್ಪಷ್ಟ. ನಮ್ಮ ಕಡಲಲ್ಲಿ ಮೊದಲು ಕಲಿಯಬೇಕಾದದ್ದು ಕಾಲರ್ಡ್ ಬಟರ್‌ಫ್ಲೈ: ಕಂದು ಮೈ, ಕಣ್ಣಿನ ಹಿಂದೆ ಕೊರಳಪಟ್ಟಿಯ ಹಾಗೆ ಬಿಳಿ ಪಟ್ಟೆ, ಕೆಂಪು ಬಾಲ.

6. ಗಾತ್ರವನ್ನು ಕಡಿಮೆ ಮಾಡಿ ಬರೆಯಿರಿ

ಮಾಸ್ಕಿನ ಗಾಜು, ಅದರೊಳಗಿನ ಗಾಳಿ, ಹೊರಗಿನ ನೀರು ಸೇರಿ ಎಲ್ಲವನ್ನೂ ಸುಮಾರು ಮೂರನೇ ಒಂದರಷ್ಟು ದೊಡ್ಡದಾಗಿಸಿ, ಹತ್ತಿರ ತಂದು ತೋರಿಸುತ್ತವೆ. 30 ಸೆಂ.ಮೀ. ಮೀನು 40 ಸೆಂ.ಮೀ. ಆಗಿ ಕಾಣುತ್ತದೆ. ನೀರಿನಡಿ ಬರೆಯಲು ಒಯ್ಯುವ ಸ್ಲೇಟಿನ ಅಂಚಿನಲ್ಲಿ ಸೆಂಟಿಮೀಟರ್ ಗೆರೆಗಳಿದ್ದರೆ ಅದನ್ನು ಮೀನಿನ ನೇರಕ್ಕೆ ಹಿಡಿದು ಅಂದಾಜು ಮಾಡಬಹುದು. ಸ್ಲೇಟೂ ಅಷ್ಟೇ ಹಿಗ್ಗಿ ಕಾಣುವುದರಿಂದ ಲೆಕ್ಕ ಸರಿಹೋಗುತ್ತದೆ.

7. ಯಾವ ಸಮುದ್ರದ ಪುಸ್ತಕ ಎಂದು ಕೇಳಿ

ಪುಸ್ತಕದ ಚಿತ್ರಕ್ಕೆ ಹೊಂದಿಕೆಯಾಯಿತು ಎಂದ ಮಾತ್ರಕ್ಕೆ ಗುರುತು ಸಿಕ್ಕಿತೆಂದಲ್ಲ. ಆ ಮೀನು ಇಲ್ಲಿ ಬದುಕುತ್ತದೆಯೇ ಎಂದೂ ನೋಡಬೇಕು. ಹ್ಯಾವ್‌ಲಾಕಿನ ನೀಮೋ ರೀಫ್‌ನಲ್ಲಿ ಕಿತ್ತಳೆ ಬಿಳಿ ಕ್ಲೌನ್‌ಫಿಶ್ ಕಂಡವರು ಕೆಲವೊಮ್ಮೆ ಪರ್ಕುಲಾ ಎಂದು ಬರೆಯುತ್ತಾರೆ. ಪರ್ಕುಲಾ ಇರುವುದು ಪಪುವಾ ನ್ಯೂಗಿನಿ, ಸಾಲೊಮನ್ ದ್ವೀಪಗಳು, ಉತ್ತರ ಕ್ವೀನ್ಸ್‌ಲ್ಯಾಂಡಿನ ಕಡೆ. ಅಂಡಮಾನಿನದು ಓಸೆಲ್ಲಾರಿಸ್. ಇವೆರಡನ್ನು ಬೆನ್ನುಮುಳ್ಳು ಎಣಿಸಿ ಬೇರ್ಪಡಿಸಬಹುದು, ಆದರೆ ಭೂಪಟ ನೋಡಿದರೆ ಅಷ್ಟು ಕಷ್ಟವೇ ಬೇಡ.

ಹಿಂದೂ ಮಹಾಸಾಗರಕ್ಕೂ ಪೆಸಿಫಿಕ್‌ಗೂ ಇಂಥ ಜೋಡಿಗಳು ಹಲವಿವೆ. ಮೈತುಂಬ ಸಣ್ಣ ಗೆರೆಗಳಿರುವ ಮೆಲನ್ ಬಟರ್‌ಫ್ಲೈ ನಮ್ಮ ಕಡೆ ಒಂದು ಜಾತಿ, ಪೆಸಿಫಿಕ್‌ನಲ್ಲಿ ಅದರ ಹತ್ತಿರದ ನೆಂಟನಾದ ಇನ್ನೊಂದು ಜಾತಿ. ಪೌಡರ್ ಬ್ಲೂ ಸರ್ಜನ್‌ಫಿಶ್ ಹಿಂದೂ ಮಹಾಸಾಗರದ್ದು. ಡೈವ್ ಅಂಗಡಿಗಳಲ್ಲಿ ಹೆಚ್ಚು ಕಾಣುವ ಜೆರಾಲ್ಡ್ ಆಲನ್ ಮತ್ತು ಜೊತೆಯವರ 2003ರ ದೊಡ್ಡ ಪುಸ್ತಕ ಪೆಸಿಫಿಕ್‌ನದು, ಹಾಗಾಗಿ ನಮಗೆ ಅರ್ಧ ದಾರಿಯವರೆಗೆ ಮಾತ್ರ ಜೊತೆ. ಹೆಲ್ಮುಟ್ ಡೆಬೆಲಿಯಸ್ ಅವರ ಹಿಂದೂ ಮಹಾಸಾಗರದ ಕೈಪಿಡಿ ಹತ್ತಿರದ್ದು. ಲಕ್ಷದ್ವೀಪಕ್ಕೆ ಹೋಗುವವರು ಜೋನ್ಸ್ ಮತ್ತು ಕುಮಾರನ್ ಅವರ 1980ರ ಪುಸ್ತಕ ಗ್ರಂಥಾಲಯದಲ್ಲಿ ಸಿಕ್ಕರೆ ಬಿಡಬಾರದು. ಅದರಲ್ಲಿ ಡೈವರ್‌ಗೆ ಬೇಕಾದ ಬಣ್ಣದ ಫೋಟೊಗಳ ಸೊಗಸಿಲ್ಲ, ಆದರೆ ನಮ್ಮ ದ್ವೀಪಗಳ ಮೀನುಗಳನ್ನೇ ಕೂತು ವಿವರಿಸಿದ ಶ್ರಮವಿದೆ. ಅಂಥ ಕೆಲಸದ ಬಗ್ಗೆ ನನಗೆ ತುಂಬ ಗೌರವ.

8. ಒಂದೇ ಮೀನಿಗೆ ಎರಡು ಮೂರು ರೂಪ

ಈ ವಿದ್ಯೆಯಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಅಚ್ಚರಿ ಕೊಟ್ಟ ಅಧ್ಯಾಯ ಇದು. ಎಂಪರರ್ ಏಂಜೆಲ್‌ಫಿಶ್ ಬೆಳೆದಾಗ ನೀಲಿ ಮೈಮೇಲೆ ಉದ್ದುದ್ದ ಹಳದಿ ಗೆರೆಗಳು. ಅದರ ಮರಿ ಕಡುನೀಲಿ, ಮೈಮೇಲೆ ಒಂದರೊಳಗೊಂದು ಬಿಳಿ ಉಂಗುರಗಳು. ಎರಡಕ್ಕೂ ಸಂಬಂಧವಿದೆ ಎಂದು ನೋಡಿದವರಾರೂ ಹೇಳಲಾರರು. ಬರ್ಲಿನ್ನಿನ ವೈದ್ಯ ಮಾರ್ಕಸ್ ಬ್ಲಾಖ್ 1787ರಲ್ಲಿ ಬೆಳೆದ ಮೀನಿಗೆ ಹೆಸರಿಟ್ಟರು. ಅವರು ತೀರಿಕೊಂಡ ಮೇಲೆ 1801ರಲ್ಲಿ ಷ್ನೈಡರ್ ಹೊರತಂದ ಅವರ ಗ್ರಂಥದಲ್ಲಿ ಮರಿಗೆ ನಿಕೋಬಾರಿನ ಹೆಸರು ಹೊತ್ತ ಬೇರೆಯೇ ಜಾತಿಯ ಪಟ್ಟ ಸಿಕ್ಕಿತು. ಮೈಮೇಲಿನ ಚಿತ್ತಾರವನ್ನಷ್ಟೇ ನಂಬಿದರೆ ಪಂಡಿತರ ಲೆಕ್ಕದಲ್ಲೂ ಒಂದು ಮೀನು ಎರಡಾಗುತ್ತದೆ.

ಪ್ಯಾರಟ್‌ಫಿಶ್‌ಗಳಲ್ಲಿ ಇದು ಇನ್ನೂ ಜಟಿಲ. ಹಲವು ಜಾತಿಗಳಲ್ಲಿ ಮೊದಲ ಹಂತದ ಮೀನುಗಳು ಕಂದು, ಬೂದು, ಮಾಸಲು ಕೆಂಪು. ಹೆಚ್ಚಿನವು ಹೆಣ್ಣು. ಮುಂದೆ ಅವುಗಳಲ್ಲೇ ಕೆಲವು ಗಂಡಾಗಿ ಬದಲಾಗಿ ಹಸಿರು ನೀಲಿ ಗುಲಾಬಿಗಳ ಮೈ ಪಡೆಯುತ್ತವೆ. ಒಂದೇ ಬಂಡೆಯ ಮೇಲೆ ಮೇಯುವ ಮಾಸಲು ಗುಂಪು ಮತ್ತು ಅದರ ಸುತ್ತ ಸುಳಿಯುವ ಒಂದೇ ಒಂದು ಹೊಳೆಯುವ ಮೀನು ಒಂದೇ ಜಾತಿಯವಾಗಿರಬಹುದು. ಹೊಳೆಯುವುದನ್ನು ಗುರುತಿಸುವುದು ಸುಲಭ. ಮಾಸಲು ಹಂತದವು ಅನುಭವಿಗಳನ್ನೂ ತಡವರಿಸುವಂತೆ ಮಾಡುತ್ತವೆ, ಅಂಥ ಕಡೆ ‘ಪ್ಯಾರಟ್‌ಫಿಶ್, ಮೊದಲ ಹಂತ’ ಎಂದು ಬರೆದರೆ ಸಾಕು. ಆಂಥಿಯಸ್‌ಗಳಲ್ಲಿ ಗಂಡು ಸತ್ತರೆ ಗುಂಪಿನ ದೊಡ್ಡ ಹೆಣ್ಣು ಗಂಡಾಗುತ್ತದೆ. ಕ್ಲೌನ್‌ಫಿಶ್‌ನಲ್ಲಿ ಇದು ತಿರುವುಮುರುವು: ಅವು ಮನೆ ಮಾಡಿಕೊಂಡ ಅನಿಮೊನಿಯಲ್ಲಿ ಎಲ್ಲಕ್ಕಿಂತ ದೊಡ್ಡದು ಹೆಣ್ಣು, ಅದಿಲ್ಲವಾದರೆ ಅದರ ಜೊತೆಗಾರ ಗಂಡೇ ಹೆಣ್ಣಾಗುತ್ತದೆ. ಇದು ತಿಳಿದ ಮೇಲೆ ಅನಿಮೊನಿಯ ಮುಂದೆ ಫೋಟೊ ತೆಗೆದು ಮುಂದೆ ಹೋಗಲು ಮನಸ್ಸಾಗುವುದಿಲ್ಲ. ಯಾವುದು ಯಾರು ಎಂದು ನೋಡುತ್ತ ನಿಲ್ಲುತ್ತೇವೆ.

9. ವೇಷ ಹಾಕಿದವರೂ ಇದ್ದಾರೆ

ಕ್ಲೀನರ್ ರ‍್ಯಾಸ್ ಬೆರಳುದ್ದದ ಮೀನು. ತಲೆಯಿಂದ ಬಾಲಕ್ಕೆ ಕಪ್ಪು ಪಟ್ಟೆ, ಅಂಚಿಗೆ ನೀಲಿ. ಒಂದೇ ಜಾಗದಲ್ಲಿ ಕುಣಿಯುತ್ತ ಇರುತ್ತದೆ. ದೊಡ್ಡ ಮೀನುಗಳು ಸರತಿಯಲ್ಲಿ ಬಂದು ಬಾಯಿ, ಕಿವಿರು ತೆರೆದು ಮೈಮೇಲಿನ ಪರೋಪಜೀವಿಗಳನ್ನು ತೆಗೆಸಿಕೊಳ್ಳುತ್ತವೆ. ಇದೇ ಪಟ್ಟೆ, ಇದೇ ಕುಣಿತದ ಇನ್ನೊಂದು ಮೀನಿದೆ, ಫಾಲ್ಸ್ ಕ್ಲೀನರ್ ಬ್ಲೆನಿ. ಅದು ನಂಬಿ ಬಂದ ಮೀನಿನ ರೆಕ್ಕೆಯ ತುಂಡು ಕಚ್ಚಿ ಓಡುತ್ತದೆ. ಬಣ್ಣದಲ್ಲಿ ಗುರುತಿಸಲಾಗದು, ಬಾಯಿ ನೋಡಬೇಕು. ರ‍್ಯಾಸ್‌ನ ಬಾಯಿ ಮೂತಿಯ ತುದಿಯಲ್ಲಿ, ಬ್ಲೆನಿಯದು ಮೂತಿಯ ಅಡಿಯಲ್ಲಿ.

ಅಂಡಮಾನಿನಲ್ಲಿ ಐಬಲ್ಸ್ ಏಂಜೆಲ್‌ಫಿಶ್‌ನ ಬಣ್ಣವನ್ನು ಹೊತ್ತು ತಿರುಗುವ ಮರಿ ಸರ್ಜನ್‌ಫಿಶ್ ಒಂದಿದೆ, ಇಂಡಿಯನ್ ಮಿಮಿಕ್. ಇಲ್ಲೂ ನಾಲ್ಕನೆಯ ಪಾಠದ ಕೆನ್ನೆಮುಳ್ಳೇ ಉತ್ತರ ಹೇಳುತ್ತದೆ. ಮುಳ್ಳಿಲ್ಲದಿದ್ದರೆ ಅದು ಏಂಜೆಲ್ ಅಲ್ಲ.

10. ಅಪಾಯದವುಗಳನ್ನು ಮೊದಲ ವಾರವೇ ಕಲಿಯಿರಿ

ಇದರಲ್ಲಿ ನಿಧಾನ ಸಲ್ಲದು. ಸ್ಟೋನ್‌ಫಿಶ್ ಮತ್ತು ಸ್ಕಾರ್ಪಿಯನ್‌ಫಿಶ್ ಬಂಡೆಯ ಬಣ್ಣಕ್ಕೆ ಹೊಂದಿಕೊಂಡು ಅಲುಗದೆ ಕೂತಿರುತ್ತವೆ, ಬೆನ್ನಿನ ಮುಳ್ಳುಗಳಲ್ಲಿ ವಿಷ. ಲಯನ್‌ಫಿಶ್ ಎದ್ದು ಕಾಣುತ್ತದೆ, ಆದರೆ ಚಾಚಿನಡಿ ತಲೆಕೆಳಗಾಗಿ ತೇಲುವಾಗ ಗಮನಕ್ಕೆ ಬಾರದು. ಹಿಡಿತ ಸಿಗಲೆಂದು ಬಂಡೆಗೆ ಕೈಯೂರುವ ಅಭ್ಯಾಸ ಬಿಡಲು ಇದೊಂದೇ ಕಾರಣ ಸಾಕು. ಚುಚ್ಚಿದರೆ ಮೇಲೆ ಬಂದು, ಚರ್ಮ ತಡೆಯುವಷ್ಟು ಬಿಸಿ ನೀರಿನಲ್ಲಿ, 45 ಡಿಗ್ರಿ ಸೆಲ್ಸಿಯಸ್ ಮೀರದಂತೆ, ಆ ಭಾಗವನ್ನು ಅದ್ದಿಟ್ಟು ಆಸ್ಪತ್ರೆಗೆ ಹೊರಡಬೇಕು.

ಟೈಟನ್ ಟ್ರಿಗರ್ ಮರಳಿನಲ್ಲಿ ಗೂಡು ಮಾಡಿ ಮೊಟ್ಟೆ ಕಾಯುವಾಗ ಡೈವರ್‌ನ ಮೇಲೂ ಏರಿ ಬರುತ್ತದೆ, ಹಲ್ಲು ಗಟ್ಟಿ. ಅದು ತನ್ನದೆಂದು ಕಾಯುವ ಜಾಗ ಗೂಡಿನಿಂದ ಮೇಲಕ್ಕೆ ಹೋದಂತೆ ಅಗಲವಾಗುತ್ತದೆ. ಆದ್ದರಿಂದ ಮೇಲಕ್ಕೆ ಏರಬಾರದು, ಫಿನ್‌ಗಳನ್ನು ಅದರ ಕಡೆಗಿಟ್ಟು ಅಡ್ಡಕ್ಕೆ ಈಜಿ ದೂರ ಹೋಗಬೇಕು.

11. ದೋಣಿಯವರನ್ನು ಕೇಳಿ

ನೇತ್ರಾಣಿಯ ದೋಣಿ ನಡೆಸುವವರಲ್ಲಿ ಮೀನುಗಾರಿಕೆಯ ಮನೆಗಳಿಂದ ಬಂದವರಿದ್ದಾರೆ. ‘ಅಣ್ಣ, ಮುರು ಯಾವ ಬದಿಯಲ್ಲಿ ಜಾಸ್ತಿ?’ ಎಂದು ಕೇಳಿ ನೋಡಿ. ಯಾವ ಗಾಳಿಗೆ ನೀರು ತಿಳಿಯಾಗುತ್ತದೆ, ಯಾವ ತಿಂಗಳು ಬಂಗುಡೆ ದಂಡು ಬರುತ್ತದೆ, ಅದರ ಹಿಂದೆ ಏನು ಬರುತ್ತದೆ ಎಂಬುದು ಅವರಿಗೆ ಗೊತ್ತು. ಮಳೆಗಾಲದಲ್ಲಿ ಡೈವ್ ನಿಲ್ಲುತ್ತದೆ, ಆದರೆ ಕಡಲಿನ ಜೊತೆ ಅವರ ಒಡನಾಟ ನಿಲ್ಲುವುದಿಲ್ಲ. ಹವಳದ ಸಣ್ಣ ಮೀನುಗಳಿಗೆ ಅವರಲ್ಲಿ ಬೇರೆ ಬೇರೆ ಹೆಸರು ಇಲ್ಲದಿರಬಹುದು. ಅವು ಎಲ್ಲಿ, ಯಾವಾಗ ಇರುತ್ತವೆ ಎಂಬ ತಿಳಿವಳಿಕೆ ಇದೆ, ಅದು ಯಾವ ಕೈಪಿಡಿಯಲ್ಲೂ ಸಿಗದು.

12. ಮೇಲೆ ಬಂದ ಕೂಡಲೇ ಬರೆಯಿರಿ

ಹ್ಯೂಮನ್ ಮತ್ತು ಡಿಲೋಚ್ 1990ರಲ್ಲಿ ರೀಫ್ ಎಂಬ ಸಂಸ್ಥೆ ಕಟ್ಟಿದರು. ಹವ್ಯಾಸಿ ಡೈವರ್‌ಗಳು ಬರೆದ ಮೀನುಪಟ್ಟಿಗಳನ್ನು ಒಟ್ಟುಮಾಡುವುದು ಅದರ ಮುಖ್ಯ ಕೆಲಸ. ಅವರ ಪದ್ಧತಿ ಸರಳ. ಇಷ್ಟ ಬಂದ ಕಡೆ ಈಜಿ, ಖಚಿತವಾಗಿ ಗುರುತಿಸಿದ ಪ್ರತಿ ಜಾತಿಗೂ ನಾಲ್ಕರಲ್ಲಿ ಒಂದು ಅಳತೆ ಹಾಕಬೇಕು: ಒಂದೇ ಒಂದು; 2ರಿಂದ 10; 11ರಿಂದ 100; 100ಕ್ಕಿಂತ ಹೆಚ್ಚು. ಫ್ಯೂಸಿಲಿಯರ್ ದಂಡನ್ನು ಒಂದೊಂದಾಗಿ ಎಣಿಸುವ ಅಗತ್ಯವಿಲ್ಲ. ನನ್ನ ಟಿಪ್ಪಣಿ ಪುಸ್ತಕದಲ್ಲೂ ಇದೇ ಕ್ರಮ. ಜೊತೆಗೆ ದಿನಾಂಕ, ಜಾಗ, ಆಳ, ಡೈವ್ ಕಂಪ್ಯೂಟರ್ ತೋರಿಸಿದ ನೀರಿನ ತಾಪ. ಗುರುತು ಸಿಗದ್ದಕ್ಕೆ ಹೆಸರಿನ ಬದಲು ಚಿತ್ರ ಬರೆಯುತ್ತೇನೆ: ಮೈಯ ಗೀಟು, ಪಟ್ಟೆಯ ಜಾಗ, ಬಾಲದ ಆಕಾರ, ಏನು ಮಾಡುತ್ತಿತ್ತು. ಊಹಿಸಿ ಹೆಸರು ಬರೆದ ಸಾಲು ಮುಂದೆ ಯಾರ ಕೆಲಸಕ್ಕೂ ಬರುವುದಿಲ್ಲ.

ಇಂಥ ಪಟ್ಟಿ ನಮ್ಮ ಸಮುದ್ರಕ್ಕೆ ಈಗ ಎಷ್ಟು ಬೇಕು ಎನ್ನಲು ಒಂದು ಉದಾಹರಣೆ ಸಾಕು. ಶೆವ್ರಾನ್ ಬಟರ್‌ಫ್ಲೈ ಬದುಕುವುದು ಹೆಚ್ಚಾಗಿ ಅಕ್ರೊಪೊರಾ ಹವಳದ ಜೀವಿಗಳನ್ನೇ ತಿಂದು. ಹವಳ ಬಿಳಿಚಿ ಸತ್ತರೆ ಅದಕ್ಕೆ ಬೇರೆ ಊಟವಿಲ್ಲ. ಪಾಚಿ ಕೆರೆದು ತಿನ್ನುವ ಸರ್ಜನ್‌ಫಿಶ್‌ಗಳು ಅದೇ ಬಂಡೆಯ ಮೇಲೆ ಇನ್ನೂ ತಿರುಗಾಡುತ್ತಿರುತ್ತವೆ, ಹಾಗಾಗಿ ಬಣ್ಣದ ಮೀನು ಎಂದಷ್ಟೇ ನೋಡಿದವರಿಗೆ ದಿಬ್ಬ ಮೊದಲಿನಂತೆಯೇ ತುಂಬಿ ಕಾಣುತ್ತದೆ. ಲಕ್ಷದ್ವೀಪದ ಹವಳಗಳು 1998, 2010, 2016ರಲ್ಲಿ ಬಿಸಿನೀರಿಗೆ ಬಿಳಿಚಿದವು, 2024ರಲ್ಲಿ ಮತ್ತೆ. ಹೋದ ವರ್ಷ ಒಂದು ಹವಳದ ಬಳಿ ಜೋಡಿ ಶೆವ್ರಾನ್ ಇತ್ತು ಎಂದು ಬರೆದಿಟ್ಟವರು ಮಾತ್ರ, ಈ ವರ್ಷ ಅದಿಲ್ಲ ಎಂದು ಹೇಳಬಲ್ಲರು. ಪಟ್ಟಿಯ ಒಂದು ಪ್ರತಿಯನ್ನು ನಿಮ್ಮನ್ನು ಕರೆದೊಯ್ದ ಡೈವ್ ಕೇಂದ್ರದವರಿಗೂ ಕೊಡಿ. ಮತ್ತೆ ಮತ್ತೆ ಅದೇ ನೀರಿಗಿಳಿಯುವ ಅವರು ಮುಂದಿನ ವಾರವೇ ಆ ಹವಳದ ಬಳಿ ಹೋಗಿ ನೋಡಬಲ್ಲರು.